ಅಪ್ಪನ ಕಂಡಕ್ಟರ್ ಪೆಟ್ಟಿಗೆಯಿಂದ ಏನಾದರೂ ಮಾಡಬೇಕು ಅಂತಿದ್ದೇನೆ, ಅಪ್ಪ ಸೀಟಿ ಕೊಡುತ್ತಿಲ್ಲ

ಮಾನ್ವಿ ರಸ್ತೆ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ 31 ವರ್ಷ ಬಸ್ ಕಂಡಕ್ಟರ್ ಆಗಿದ್ದರು. ಜಾಸ್ತಿ ವರ್ಷ ರಾಯಚೂರು, ಮಾನ್ವಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ ರೂಟು. ರಿಟೈರ್ ಆಗಿ ಹತ್ತು ವರ್ಷವಾಯಿತು. ಬರುವ ತಿಂಗಳು 70 ತುಂಬುತ್ತದೆ.

ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಅವರ ತಗಡಿನ ಟಿಕೆಟ್ ಪೆಟ್ಟಿಗೆ ಕೆಳಗೆ ಬಂತು. ಒಳಗೆ ಟಿಕೆಟ್‌ಗೆ ತೂತು ಹಾಕುವ ಪಂಚು, ಸೀಟಿ, ಹೊಲಿಗೆ ಬಿಟ್ಟ ಚರ್ಮದ ಬ್ಯಾಗು, ಎಚ್‌ಎಂಟಿ ವಾಚು, 25 ಪೈಸೆ ನಾಣ್ಯಗಳ ಒಂದು ಸಣ್ಣ ಗಂಟು, ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಪೆನ್ಸಿಲ್ ತುಂಡು, ಖಾಕಿ ಅಂಗಿ ಒಂದು. ಆಮೇಲೆ ಬಣ್ಣ ಬಣ್ಣದ ಹಳೆ ಟಿಕೆಟ್ಟು. ಕೆಲವದರ ಹಿಂದೆ ಅವರೇ ಬರೆದ ಚಿಲ್ಲರೆ ಬಾಕಿ ಇದೆ. "2-50 ಕೊಡಬೇಕು" ಅಂತ. ಯಾರೋ ಮರೆತು ಇಳಿದು ಹೋಗಿರಬೇಕು.

ಅಣ್ಣ ಗುಜರಿಯವನಿಗೆ ಕೊಡು ಅನ್ನುತ್ತಾನೆ. ನನಗೆ ಮನಸ್ಸಿಲ್ಲ. ಗಾಜಿನ ಮುಖದ ಪೆಟ್ಟಿಗೆಯೊಳಗೆ ಮನೆಯ ಸಾಮಾನೇ ಜೋಡಿಸಿ ಕಲಾಕೃತಿ ಮಾಡುತ್ತಾರಲ್ಲ, ಹಾಗೆ ಮಾಡಿ ಅಪ್ಪನ ಹುಟ್ಟುಹಬ್ಬಕ್ಕೆ ಕೊಡೋಣ ಅಂತ ಆಸೆ. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಯಾವ ಅಂಟು, ಎಷ್ಟು ದೊಡ್ಡ ಪೆಟ್ಟಿಗೆ, ಎಲ್ಲಿಂದ ಶುರು ಮಾಡಬೇಕು, ಒಂದೂ ಗೊತ್ತಿಲ್ಲ.

ಇನ್ನೊಂದು ತೊಂದರೆ. ಅಪ್ಪನಿಗೆ ವಿಷಯ ಹೇಳಿದೆ. ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು, "ನಾ ಸತ್ತ ಮ್ಯಾಲೆ ಅಂಟಿಸ್ಕೋ" ಅಂದರು. ಸೀಟಿ ಇಲ್ಲದ ಕಂಡಕ್ಟರ್ ಪೆಟ್ಟಿಗೆ ಹೇಗಿರುತ್ತದೆ ಹೇಳಿ?

ರಿವೆಟ್ಟು, ಬಳ್ಳಾರಿ

ತಂಗಿ, ಗುಜರಿ ಮಾತು ಬಿಡು. ಪೆಟ್ಟಿಗೆ ಅಟ್ಟಕ್ಕೆ ವಾಪಸ್ ಹೋಗದಂತೆ ಮಾತ್ರ ನೋಡಿಕೋ.

ನಾನು ಜೀನ್ಸ್ ಹೊಲಿಯುವ ಕಡೆ ಕೆಲಸ ಮಾಡುತ್ತೇನೆ. ಮುರಿದ ಸೂಜಿ, ರಿಜೆಕ್ಟ್ ಆದ ಗುಂಡಿ, ರಿವೆಟ್ಟು, ಅರ್ಧ ಜಿಪ್ಪು, ಎಲ್ಲ ಕೂಡಿಸಿಡುವ ಚಟ. ಎರಡು ವರ್ಷದ ಹಿಂದೆ ಒಂದು ಪ್ಲೈವುಡ್ ಮೇಲೆ ಇವನ್ನೇ ಜೋಡಿಸಿ ನಮ್ಮ ಬಳ್ಳಾರಿ ಕೋಟೆ ಗುಡ್ಡ ಮಾಡಿದ್ದೆ. ಚೆನ್ನಾಗಿ ಬಂದಿತ್ತು. ಎಲ್ಲವನ್ನೂ ಬಿಸಿ ಅಂಟಿನ ಗನ್ನಿನಲ್ಲಿ ಅಂಟಿಸಿದ್ದೆ. ತಗಡಿನ ಶೀಟಿನ ಮನೆ ನಮ್ಮದು. ಏಪ್ರಿಲ್ ಬಂತು. ಒಂದು ಮಧ್ಯಾಹ್ನ ಊಟ ಮಾಡಿ ನೋಡಿದರೆ ಕೋಟೆ ನಿಧಾನಕ್ಕೆ ಜಾರಿ ಗುಡ್ಡದ ಬುಡಕ್ಕೆ ಬಂದಿದೆ. ಮೇ ಹೊತ್ತಿಗೆ ನೆಲದ ಮೇಲೆ.

ಆ ಅಂಟು ಬಿಸಿಗೆ ಕರಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಅದರ ಗುಣವೇ ಅದು. ನಮ್ಮ ಬಿಸಿಲಿನ ಮೇಲೆ ನಂಬಿಕೆ ಇಟ್ಟು ಕೆಲಸ ಮಾಡು, ಅಂಟಿನ ಮೇಲೆ ಅಲ್ಲ.

ನೇರ ಮಾತು, ಸಿರುಗುಪ್ಪ

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಒಂದು ಮಾತು ಕೇಳುತ್ತೇನೆ. ಹಳೆ ಸಾಮಾನು ಪೆಟ್ಟಿಗೆಗೆ ಹಾಕಿ ಗಾಜು ಮುಚ್ಚಿದರೆ ಅದು ಕಲೆ ಹೇಗಾಗುತ್ತದೆ? ಗುಜರಿ ಅಂಗಡಿಯಲ್ಲೂ ಅದೇ ಇದೆ, ಗಾಜು ಒಂದಿಲ್ಲ. ಚಿತ್ರ ಬರೆಯಲು ಬಾರದವರು ಕಂಡುಕೊಂಡ ದಾರಿ ಇದು ಅಂತ ನನಗೆ ಅನ್ನಿಸುತ್ತದೆ.

ಡ್ರಾಯಿಂಗ್ ಮೇಷ್ಟ್ರು, ಗಂಗಾವತಿ

ಸಿರುಗುಪ್ಪದವರೇ, ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ಕೇಳಿದ್ದು ಒಳ್ಳೆಯದೇ ಆಯಿತು.

1942ರಲ್ಲಿ ಪಿಕಾಸೊ ಒಂದು ಹಳೆ ಸೈಕಲ್ ಸೀಟು, ಒಂದು ಹ್ಯಾಂಡಲ್ ತೆಗೆದುಕೊಂಡ. ಎರಡನ್ನೂ ಕೂಡಿಸಿದ. ಹೋರಿಯ ತಲೆಯಾಯಿತು. ಇದ್ದದ್ದು ಎರಡೇ ವಸ್ತು. ಸೈಕಲ್ ಅಂಗಡಿಯಲ್ಲಿ ಆ ಎರಡೂ ದಿನಾ ಅಕ್ಕಪಕ್ಕ ಬಿದ್ದಿರುತ್ತವೆ, ಯಾರಿಗೂ ಹೋರಿ ಕಾಣುವುದಿಲ್ಲ. ಪಿಕಾಸೊಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಅಂತ ಮಾತ್ರ ಯಾರೂ ಹೇಳಲಾರರು, ಅಲ್ವಾ?

ಇದಕ್ಕೆ ಅಸೆಂಬ್ಲಾಜ್ ಅನ್ನುತ್ತಾರೆ. 1953ರ ಸುಮಾರಿಗೆ ಫ್ರಾನ್ಸಿನ ಜ್ಯಾನ್ ದುಬುಫೆ ತನ್ನ ಕೆಲಸಕ್ಕೆ ಈ ಪದ ಬಳಸಿದ. 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಇದರದೇ ಒಂದು ದೊಡ್ಡ ಪ್ರದರ್ಶನ ಮಾಡಿತು. ಅಲ್ಲಿಂದ ಹೆಸರು ಗಟ್ಟಿಯಾಯಿತು.

ರಾಯಚೂರಿನ ಮಗಳಿಗೆ ಹತ್ತಿರದವರು ಇಬ್ಬರಿದ್ದಾರೆ. ಒಬ್ಬ ಜರ್ಮನಿಯ ಕುರ್ಟ್ ಶ್ವಿಟರ್ಸ್. ಮೊದಲ ಮಹಾಯುದ್ಧ ಮುಗಿದು ದೇಶ ಚೂರು ಚೂರಾಗಿತ್ತು. ಅವನು ರಸ್ತೆಯಲ್ಲಿ ಸಿಕ್ಕಿದ ಕಾಗದದ ಚೂರು, ಕಟ್ಟಿಗೆ, ಟ್ರಾಮ್ ಟಿಕೆಟ್ಟು ಇಂಥವನ್ನೇ ಅಂಟಿಸಿ ಚಿತ್ರ ಮಾಡಿದ. ಒಂದು ಜಾಹೀರಾತಿನಲ್ಲಿದ್ದ ಕೊಮರ್ಟ್ಸ್ ಅನ್ನುವ ಪದ ಕತ್ತರಿಸಿದಾಗ ಉಳಿದ "ಮೆರ್ಟ್ಸ್" ಅನ್ನುವ ಅರ್ಧ ಪದವನ್ನೇ 1919ರಲ್ಲಿ ತನ್ನ ಕಲೆಗೆ ಹೆಸರಿಟ್ಟ. ಬಸ್ ಟಿಕೆಟ್ಟು ಇಟ್ಟುಕೊಂಡು ಕೂತ ನಿಮಗೆ ಇವನು ದೂರದ ನೆಂಟನೇ.

ಇನ್ನೊಬ್ಬ ಅಮೆರಿಕದ ಜೋಸೆಫ್ ಕಾರ್ನೆಲ್. ಯಾವ ಕಲಾಶಾಲೆಗೂ ಹೋದವನಲ್ಲ. ತಾಯಿ ಮತ್ತು ಕಾಯಿಲೆಯ ತಮ್ಮನ ಜೊತೆ ನ್ಯೂಯಾರ್ಕಿನ ಒಂದು ಸಾಧಾರಣ ಮನೆಯಲ್ಲಿದ್ದ. ಹಳೆ ಸಾಮಾನಿನ ಅಂಗಡಿಗಳಲ್ಲಿ ಸುತ್ತಿ ನಕ್ಷೆ, ಗೋಲಿ, ಚಿಕ್ಕ ಗ್ಲಾಸು, ಹಕ್ಕಿಯ ಚಿತ್ರ ತಂದು ಗಾಜಿನ ಮುಖದ ಪೆಟ್ಟಿಗೆಗಳಲ್ಲಿ ಜೋಡಿಸುತ್ತಿದ್ದ. ಚಿತ್ರ ಬರೆಯಲು ಬರುವುದಿಲ್ಲ ಅಂದಿರಲ್ಲ, ಅವನೂ ಅಂಥವನೇ.

ಅವನ ಪೆಟ್ಟಿಗೆಗಳನ್ನು ನೋಡಿದರೆ ಒಂದು ತಿಳಿಯುತ್ತದೆ. ತುಂಬಿದ್ದಕ್ಕಿಂತ ಬಿಟ್ಟ ಜಾಗ ಜಾಸ್ತಿ. ನೀವು ಹೇಳಿದ ಸಾಮಾನು ಎಲ್ಲ ತುರುಕಿದರೆ ಅದು ಅಟ್ಟದ ಪೆಟ್ಟಿಗೆಯೇ ಆಗುತ್ತದೆ, ಸಿರುಗುಪ್ಪದವರು ಗೆಲ್ಲುತ್ತಾರೆ. ಎಲ್ಲವನ್ನೂ ಚಾಪೆಯ ಮೇಲೆ ಹರವಿ. ಒಂದು ವಾರ ಹಾಗೇ ಬಿಡಿ. ಹೋಗಿ ಬಂದು ಜಾಗ ಬದಲಿಸುತ್ತಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಐದೋ ಆರೋ ಉಳಿಸಿಕೊಳ್ಳಿ. ನನ್ನ ಕೇಳಿದರೆ, ಚಿಲ್ಲರೆ ಬಾಕಿ ಬರೆದ ಟಿಕೆಟ್ಟೇ ನಿಮ್ಮ ಹೋರಿಯ ತಲೆ.

ಹಾರ್ಡ್‌ವೇರ್ ಅಂಗಡಿ, ರಾಯಚೂರು

ಅಂಟಿನ ವಿಷಯ ನಾನು ಹೇಳುತ್ತೇನೆ, ದಿನಾ ಮಾರುವವನು.

ಬಿಳಿ ಮರದ ಅಂಟು ಕಟ್ಟಿಗೆ, ಕಾಗದ, ಬಟ್ಟೆಗೆ ಸರಿ. ಕಬ್ಬಿಣ, ಗಾಜಿಗೆ ಅದು ನಿಲ್ಲುವುದಿಲ್ಲ, ಎಷ್ಟು ಸುರಿದರೂ ಅಷ್ಟೇ. ಒಂದು ಹನಿಗೆ ಹಿಡಿಯುವ ಅಂಟನ್ನು ಗಾಜು ಮುಚ್ಚುವ ಪೆಟ್ಟಿಗೆಯೊಳಗೆ ಹಾಕಲೇಬೇಡಿ. ಅದರ ಆವಿ ಗಾಜಿನ ಮೇಲೆ, ವಾಚಿನ ಮುಖದ ಮೇಲೆ ಬೆಳ್ಳಗೆ ಬೂದಿಯ ಹಾಗೆ ಕೂರುತ್ತದೆ. ಲೋಹಕ್ಕೆ ಎರಡು ಟ್ಯೂಬಿನ ಎಪಾಕ್ಸಿ ಬೇಕು. ಎರಡೂ ಸಮ ಹಿಂಡಿ, ಚೆನ್ನಾಗಿ ಕಲಸಿ, ಅಂಟಿಸುವ ಜಾಗವನ್ನು ಉಪ್ಪು ಕಾಗದದಿಂದ ಉಜ್ಜಿ. ರಾತ್ರಿ ಹಾಗೇ ಬಿಡಿ. ಆದರೆ ನೆನಪಿಡಿ, ಅದು ಹಿಡಿದರೆ ಬಿಡುವುದಿಲ್ಲ. ಆಮೇಲೆ ಬಿಡಿಸಬೇಕು ಅಂದರೆ ವಸ್ತುವೇ ಹಾಳು.

ಪಂಚಿಗೆ ತುಕ್ಕು ಇದ್ದರೆ ಸೀಮೆಎಣ್ಣೆ ಹಚ್ಚಿ ಮೆತ್ತಗಿನ ತಂತಿ ಬ್ರಷ್‌ನಲ್ಲಿ ಉಜ್ಜಿ, ಒಣಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಉಳಿದರೆ ಪಕ್ಕದ ಟಿಕೆಟ್ಟಿಗೆ ಕಲೆ ಹತ್ತುತ್ತದೆ. ಹಾಗಂತ ಹೊಳೆಯುವ ತನಕ ಉಜ್ಜಬೇಡಿ. ಅಪ್ಪಾಜಿಯ ಹೆಬ್ಬೆರಳು ಸವೆಸಿದ ಜಾಗ ಇರುತ್ತದೆ ನೋಡಿ, ಅದು ಬೇಕು.

ವಾಚು, ಟಾರ್ಚು, ರೇಡಿಯೋ ಏನೇ ಇಟ್ಟರೂ ಸೆಲ್ ತೆಗೆಯಿರಿ. ಒಳಗೇ ಸೋರಿ ಎಲ್ಲ ತಿಂದುಹಾಕುತ್ತದೆ. ಕೀಲಿ ಕೊಡುವ ಎಚ್‌ಎಂಟಿ ಆದರೆ ಆ ಚಿಂತೆ ಇಲ್ಲ.

ಮಾನ್ವಿ ರಸ್ತೆ, ರಾಯಚೂರು

ಎಲ್ಲರಿಗೂ ಧನ್ಯವಾದ. ವಾಚು ಕೀಲಿಯದ್ದೇ. ಅಪ್ಪ ಎರಡು ಸುತ್ತು ತಿರುಗಿಸಿದರು, ನಡೆಯಿತು! ಈಗ ಅದೂ ಅವರ ಕೈಯಲ್ಲಿದೆ. ಹೀಗೇ ಆದರೆ ನನ್ನ ಪೆಟ್ಟಿಗೆಯಲ್ಲಿ ಪೆನ್ಸಿಲ್ ತುಂಡು ಮಾತ್ರ ಉಳಿಯುತ್ತದೆ.

ಮೇಷ್ಟ್ರು ಹೇಳಿದ ಹಾಗೆ ಚಾಪೆಯ ಮೇಲೆ ಹರವಿದ್ದೇನೆ. ಬ್ಯಾಗಿನ ಒಳಜೇಬಿನಲ್ಲಿ ಮಡಚಿದ ಒಂದು ಕಾಗದ ಸಿಕ್ಕಿತು. ಆಫೀಸಿನಿಂದ ಅಪ್ಪನಿಗೆ ಬಂದ ಮೆಮೊ. ಯಾವುದೋ ದಿನ ಕ್ಯಾಶಿನಲ್ಲಿ ಕಡಿಮೆ ಬಂತು, ಉತ್ತರ ಕೊಡು ಅಂತ. ಮೊತ್ತ ಚಿಕ್ಕದು. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ, ಅವ್ವನಿಗೂ. ಅಪ್ಪನಿಗೆ ಇನ್ನೂ ತೋರಿಸಿಲ್ಲ. ಇದನ್ನು ಏನು ಮಾಡಲಿ?

ನೇರ ಮಾತು, ಸಿರುಗುಪ್ಪ

ಹರಿದು ಹಾಕಿ. ಇದರಲ್ಲಿ ಕೇಳುವುದೇನಿದೆ? ಹುಟ್ಟುಹಬ್ಬದ ದಿನ ಹಳೆ ಮೆಮೊ ಗೋಡೆಗೆ ನೇತು ಹಾಕುತ್ತೀರಾ?

(ಸೈಕಲ್ ಹೋರಿಯ ಫೋಟೋ ಹುಡುಕಿ ನೋಡಿದೆ. ಒಪ್ಪಿದೆ ಮೇಷ್ಟ್ರೇ. ಒಂದಕ್ಕೆ ಮಾತ್ರ ಒಪ್ಪಿದೆ.)

ಡ್ರಾಯಿಂಗ್ ಮೇಷ್ಟ್ರು, ಗಂಗಾವತಿ

ಹರಿಯಬೇಡಿ. ಪೆಟ್ಟಿಗೆಯಲ್ಲಿರುವ ಎಲ್ಲವೂ ಹೊಗಳಿದರೆ ಅದು ಸನ್ಮಾನ ಪತ್ರ. ಶಾಲು, ಹಣ್ಣಿನ ಬುಟ್ಟಿ ಎರಡೇ ಕಡಿಮೆ. ಇಷ್ಟು ವರ್ಷ ಆ ಕಾಗದವನ್ನು ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾರೆ ಅಂದರೆ ಅದರ ತೂಕ ಪಂಚಿಗಿಂತ ಜಾಸ್ತಿ.

ಆದರೆ ಕಾಗದ ನಿಮ್ಮದಲ್ಲ. ಅವರನ್ನೇ ಕೇಳಿ. ತೀರಿಕೊಂಡವರ ಸಾಮಾನಿನಿಂದ ಕೆಲಸ ಮಾಡಿದವರಿದ್ದಾರೆ. ಲಾಸ್ ಏಂಜಲಿಸ್‌ನಲ್ಲಿ ಬೆಟ್ಟಿ ಸಾರ್ ಅನ್ನುವ ಕಲಾವಿದೆ ತನ್ನ ಅಜ್ಜಿಯ ಸಮದ ಹಿರಿಯರೊಬ್ಬರು ಹೋದ ಮೇಲೆ, 1975ರ ಹೊತ್ತಿಗೆ, ಅವರ ವಸ್ತುಗಳನ್ನೇ ಪೆಟ್ಟಿಗೆಯಲ್ಲಿ ಜೋಡಿಸಿದರು. ಆ ಸಾಮಾನಿನ ಒಡತಿ ಎದ್ದು ಬಂದು ಬೇಡ ಅನ್ನುವ ಹಾಗಿರಲಿಲ್ಲ. ನಿಮ್ಮಲ್ಲಿ ಒಡೆಯರು ಪಕ್ಕದ ಕೋಣೆಯಲ್ಲೇ ಇದ್ದಾರೆ, ಸೀಟಿ ಜೇಬಿನಲ್ಲಿಟ್ಟುಕೊಂಡು.

ಕೌದಿ ಅಕ್ಕ, ಸಿಂಧನೂರು

ಎಲ್ಲ ಓದಿದೆ ನೋಡವ್ವ. ಮೇಷ್ಟ್ರು ಹೇಳುವ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಆದರೆ ನಾನು ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತೇನೆ. ಮನೆಯವರ ಹಳೆ ಸೀರೆ, ಲುಂಗಿ, ಮಗುವಿನ ಅಂಗಿ ತಂದು ಕೊಡುತ್ತಾರೆ. ಅತ್ತೆಯ ಸೀರೆ ಪಕ್ಕ ಯಾವ ತುಂಡು ಬರಬೇಕು ಅಂತ ಅರ್ಧ ದಿನ ಕೂತು ಯೋಚಿಸುತ್ತೇನೆ. ಸಿರುಗುಪ್ಪದ ತಮ್ಮಾ, ಅದೂ ಹಳೆ ಬಟ್ಟೆ ಗಂಟೇ, ಆದರೆ ನಿಮ್ಮ ಮನೆಯಲ್ಲೂ ಹೊದ್ದುಕೊಂಡಿರುತ್ತೀರಿ.

ಕೌದಿಯಲ್ಲಿ ಅಂಟು ಇಲ್ಲ. ಬರೀ ದಾರ. ಯಾವುದಾದರೂ ತುಂಡು ಬೇಡ ಅನ್ನಿಸಿದರೆ ಹೊಲಿಗೆ ಬಿಚ್ಚಿದರೆ ಆಯಿತು. ಬಟ್ಟೆಗೆ ಏನೂ ಆಗಿರುವುದಿಲ್ಲ. ಸಂಡೂರು ಕಡೆ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ನೋಡಿದ್ದೀಯಲ್ಲ? ಕನ್ನಡಿ, ಕವಡೆ, ನಾಣ್ಯ, ಮಣಿ, ಎಲ್ಲ ದಾರದಲ್ಲೇ ನಿಂತಿರುತ್ತವೆ. ಕುಣಿದರೂ ಉದುರುವುದಿಲ್ಲ.

ನಿನ್ನ ಅಪ್ಪನ ಖಾಕಿ ಅಂಗಿಯನ್ನೇ ಹಿಂದಿನ ಬಟ್ಟೆ ಮಾಡು. ಅದರ ಮೇಲೆ ಪಂಚು, ಬ್ಯಾಗಿನ ಬೆಲ್ಟು ಎಲ್ಲ ಹೊಲಿದು ಕೂರಿಸು. ಅಂಗಿಗೆ ಗಂಜಿ ಹಾಕಿದ್ದರೆ ಮೊದಲು ನೆನೆಸಿ ತೊಳೆದು ಗಂಜಿ ತೆಗೆ. ಗಂಜಿಯ ರುಚಿಗೆ ಹುಳು ಬರುತ್ತವೆ.

ರಿವೆಟ್ಟು, ಬಳ್ಳಾರಿ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಕೋಟೆ ಜಾರಿದ ಮೇಲೆ ನಾನೂ ದಾರಕ್ಕೇ ಬಂದೆ. ಜೀನ್ಸ್ ಬಟ್ಟೆಯ ಮೇಲೆ ಜೀನ್ಸ್ ದಾರದಲ್ಲೇ ಗುಂಡಿ ಹೊಲಿದೆ. ಎರಡು ಬೇಸಿಗೆ ದಾಟಿದೆ.

ಇನ್ನೊಂದು ಉಪಾಯ. ನಿಮ್ಮದು ತಗಡಿನ ಪೆಟ್ಟಿಗೆ ಅಲ್ವಾ? ಬೇರೆ ಪೆಟ್ಟಿಗೆ ಯಾಕೆ ಮಾಡಿಸುತ್ತೀರಿ? ಅದರ ಮುಚ್ಚಳ ತೆಗೆದು ನಿಲ್ಲಿಸಿದರೆ ಅದೇ ಚೌಕಟ್ಟು. ತಗಡು ಕಬ್ಬಿಣದ್ದಾದರೆ ಅಯಸ್ಕಾಂತ ಹಿಡಿಯುತ್ತದೆ. ಲೇಡೀಸ್ ಬ್ಯಾಗಿಗೆ ಹಾಕುವ ಅಯಸ್ಕಾಂತದ ಗುಂಡಿ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಖಾಕಿ ಬಟ್ಟೆಯ ಹಿಂದೆ ನಾಲ್ಕು ಮೂಲೆಗೆ ಹೊಲಿದುಬಿಡಿ. ಬಟ್ಟೆ ಪೆಟ್ಟಿಗೆಯ ತಳಕ್ಕೆ ತಾನೇ ಕೂರುತ್ತದೆ. ಬೇಕಾದಾಗ ಎಳೆದರೆ ಬಂತು.

ನಾಣ್ಯಕ್ಕೆ ತೂತು ಹಾಕಬೇಡಿ. 25 ಪೈಸೆ 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋಯಿತು, ಆದರೂ ಬೇಡ. ಸಣ್ಣ ಬಲೆ ಬಟ್ಟೆಯ ಚೀಲ ಹೊಲಿದು ಅದರಲ್ಲಿ ಹಾಕಿ. ಅವರು ಗಂಟು ಕಟ್ಟಿಟ್ಟ ಹಾಗೇ ಕಾಣಲಿ.

ಕಿನ್ನಾಳದ ನೆರೆಯವ, ಕೊಪ್ಪಳ

ತಡವಾಗಿ ಬಂದೆ. ಅಂಟಿಗೆ ಇಷ್ಟು ಬೈಯಬೇಡಿ, ನಮ್ಮ ಕಡೆಯ ಅಂಟಿಗೆ ಬೇಜಾರಾಗುತ್ತದೆ.

ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಹಗುರ ಮರದಲ್ಲಿ ಕೈ, ಕಾಲು, ಮೈ ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಲ್ಲಿ ಕೂಡಿಸುತ್ತಾರೆ. ಆಮೇಲೆ ಕಿಟ್ಟ ಹಚ್ಚುತ್ತಾರೆ. ಕಿಟ್ಟ ಅಂದರೆ ಏನು ಗೊತ್ತಾ? ಹಳೆ ಗೋಣಿಚೀಲದ ಚಿಂದಿ ನೆನೆಸಿ, ಸಣ್ಣಗೆ ಹರಿದು, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿದ್ದು. ಅದರ ಮೇಲೆ ಹತ್ತಿ ಬಟ್ಟೆಯ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ದೇವಿಯ ಮೈಮೇಲಿನ ಉಬ್ಬು ಒಡವೆಯೂ ಅದೇ ಕಲ್ಲು ಪುಡಿಯದ್ದು. ಒಳಗೆ ಗೋಣಿಚೀಲ, ಹೊರಗೆ ಬಂಗಾರ.

ಒಂದೇ ವ್ಯತ್ಯಾಸ. ಅಲ್ಲಿ ಚಿಂದಿಯನ್ನು ಗುರುತು ಸಿಗದ ಹಾಗೆ ಕರಗಿಸುತ್ತಾರೆ. ನಿಮ್ಮದರಲ್ಲಿ ಗುರುತು ಸಿಗಲೇಬೇಕು. ಹಾಗಾಗಿ ದಾರದ ಕಡೆಯೇ ನನ್ನ ಓಟು. ಹುಣಸೆ ಬೀಜದ ಅಂಟು ಹುಳುವಿಗೂ ಇಷ್ಟ, ಮನೆಯಲ್ಲಿ ಸುಮ್ನೆ ಪ್ರಯೋಗ ಮಾಡಲು ಹೋಗಬೇಡಿ.

ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಹಾಕಬೇಡಿ. ಹಿಂದೆ ಎರಡು ಕಟ್ಟಿಗೆ ತುಂಡು ಇಟ್ಟು ಗಾಳಿಗೆ ಜಾಗ ಬಿಡಿ. ನಮ್ಮೂರ ಮಣ್ಣಿನ ಗೋಡೆಗಳಲ್ಲಿ ಗೆದ್ದಲು ಹೇಗೆ ಬರುತ್ತದೆ ಅಂತ ಹೇಳಬೇಕಿಲ್ಲ.

ಹಾರ್ಡ್‌ವೇರ್ ಅಂಗಡಿ, ರಾಯಚೂರು

ಗಿರಾಕಿ ಕೈ ತಪ್ಪಿದರು! ಇರಲಿ. ತಾಮ್ರದ ಸಣ್ಣ ತಂತಿ ತೆಗೆದುಕೊಂಡು ಹೋಗಿ, ಪಂಚಿನ ಭಾರಕ್ಕೆ ದಾರದ ಜೊತೆ ಅದೂ ಬೇಕು.

ಟಿಕೆಟ್ ಬಗ್ಗೆ ಒಂದು ಮಾತು. ಹಳೆ ಅಚ್ಚಿನ ಟಿಕೆಟ್ ಆದರೆ ಪರವಾಗಿಲ್ಲ. ಕೊನೆಯ ವರ್ಷಗಳ ಮಷೀನ್ ಟಿಕೆಟ್ ಇದ್ದರೆ ಜೋಪಾನ. ಅದು ಶಾಖಕ್ಕೆ ಅಕ್ಷರ ಮೂಡುವ ಕಾಗದ. ಬೆಳಕಿಗೆ ಇಟ್ಟರೆ ಅಕ್ಷರ ಅಳಿಸಿಹೋಗುತ್ತದೆ. ಉಳಿಸೋಣ ಅಂತ ಬಿಸಿ ಲ್ಯಾಮಿನೇಶನ್‌ಗೆ ಕೊಟ್ಟರೆ ಇಡೀ ಟಿಕೆಟ್ ಕಪ್ಪಾಗಿ ಬರುತ್ತದೆ. ನನ್ನ ಮಗಳ ಮೊದಲ ಬಸ್ ಪ್ರಯಾಣದ ಟಿಕೆಟ್ ಹಾಗೇ ಹೋಯಿತು. ಕಲರ್ ಜೆರಾಕ್ಸ್ ಮಾಡಿಸಿ ಅದನ್ನು ಹಾಕಿ, ಅಸಲು ಡೈರಿಯಲ್ಲಿ ಇಡಿ.

ನೇರ ಮಾತು, ಸಿರುಗುಪ್ಪ

ಜೆರಾಕ್ಸ್ ಹಾಕಿದರೆ ಮತ್ತೆ ಅದು ಅಪ್ಪನ ಟಿಕೆಟ್ ಹೇಗೆ? ಇಷ್ಟು ದಿನ ಅಸಲು ವಸ್ತು, ಅಸಲು ವಸ್ತು ಅಂತಿದ್ದಿರಿ.

ಡ್ರಾಯಿಂಗ್ ಮೇಷ್ಟ್ರು, ಗಂಗಾವತಿ

ಸಿರುಗುಪ್ಪದವರು ಸರಿಯಾದ ಕಡೆ ಚುಚ್ಚಿದರು. ಕಾರ್ನೆಲ್ ಕೂಡ ಚಿತ್ರಗಳ ಪ್ರತಿ ತೆಗೆಸಿ ಪೆಟ್ಟಿಗೆಯಲ್ಲಿ ಬಳಸುತ್ತಿದ್ದ. ಆದರೂ ನನ್ನ ಮಾತು ಇಷ್ಟು: ಪೆನ್ಸಿಲಿನಲ್ಲಿ ಬಾಕಿ ಬರೆದ ಟಿಕೆಟ್ ಅಸಲೇ ಇರಲಿ. ಪೆನ್ಸಿಲ್ ಬೆಳಕಿಗೆ ಮಾಸುವುದಿಲ್ಲ. ಕಾಗದ ಹಳದಿಯಾಗುತ್ತದೆ, ಆಗಲಿ ಬಿಡಿ. ನೇರ ಬಿಸಿಲು ಬೀಳದ ಗೋಡೆ ಹುಡುಕಿ.

ಮಾನ್ವಿ ರಸ್ತೆ, ರಾಯಚೂರು

ಮೂರು ವಾರ ಆಯಿತು, ಬರೆಯಲು ಆಗಿರಲಿಲ್ಲ. ಮುಗಿಯಿತು.

ಅಂಗಿ ತೊಳೆದು ಬೆನ್ನಿನ ಭಾಗ ಕತ್ತರಿಸಿ ಹಿಂದಿನ ಬಟ್ಟೆ ಮಾಡಿದೆ. ಅಂಗಿಯ ಎದೆ ಜೇಬು ಬಿಡಿಸಿ ಅದರ ಮೇಲೆ ಬಲಗಡೆಗೆ ಹೊಲಿದೆ. ಪಂಚು ತಂತಿಯಲ್ಲಿ ನಿಂತಿದೆ. ಬಾಕಿ ಬರೆದ ಟಿಕೆಟ್ ಮೂರು. ನಾಣ್ಯದ ಗಂಟು ಬಲೆಯಲ್ಲಿ. ಪೆನ್ಸಿಲ್. ಇಷ್ಟೇ. ಬ್ಯಾಗು ಎಷ್ಟು ಪ್ರಯತ್ನಿಸಿದರೂ ಕೂರಲಿಲ್ಲ, ಇಟ್ಟ ಕೂಡಲೇ ಉಳಿದದ್ದೆಲ್ಲ ಕಾಣದಂತಾಯಿತು. ಅದರ ಒಂದು ಬಕಲ್ ಮಾತ್ರ ತೆಗೆದುಕೊಂಡೆ. ಎಡಗಡೆ ಪೂರ್ತಿ ಖಾಲಿ ಬಿಟ್ಟಿದ್ದೇನೆ, ಅಲ್ಲಿ ಖಾಕಿಯ ಮೇಲೆ ಬೆವರಿನ ಗುರುತು ತಾನೇ ನಕ್ಷೆಯ ಹಾಗಿದೆ. ಗಾಜು ಹಾಕಿಸಲಿಲ್ಲ. ವಾರಕ್ಕೊಮ್ಮೆ ಧೂಳು ಒರೆಸುತ್ತೇನೆ ಅಂತ ಅಣ್ಣನಿಗೆ ಮಾತು ಕೊಟ್ಟಿದ್ದೇನೆ.

ಮೆಮೊ ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ಓದಿದರು, ನಾಲ್ಕೇ ಸಾಲು ಇರುವುದು. ಆ ದಿನ ಸಿಂಧನೂರಿನಲ್ಲಿ ಸಂತೆ, ಬಸ್ಸು ಕಿಕ್ಕಿರಿದಿತ್ತಂತೆ. ಒಬ್ಬ ಮುದುಕಿಯ ಹತ್ತಿರ ದುಡ್ಡಿರಲಿಲ್ಲ, ಟಿಕೆಟ್ ಕೊಟ್ಟು ಆಮೇಲೆ ತನ್ನ ಜೇಬಿನಿಂದ ಹಾಕುವೆ ಅಂತ ಮರೆತರಂತೆ. ಹೌದೋ ಅಲ್ಲವೋ, ನನಗೆ ಅಷ್ಟೇ ಹೇಳಿದರು. "ಇಡು, ಆದರ ಓದಂಗ ಇಡಬ್ಯಾಡ" ಅಂದರು. ಹಾಗಾಗಿ ಅದು ಜೇಬಿನೊಳಗೆ ಮಡಚಿ ಇದೆ. ಜೇಬಿನ ಗುಂಡಿ ಹಾಕಿದೆ.

ಸೀಟಿಗೆ ಒಂದು ಕೊಕ್ಕೆ ಹೊಲಿದಿದ್ದೆ. ಹುಟ್ಟುಹಬ್ಬದ ದಿನ ಅಪ್ಪ ತಾವೇ ತಂದು ತೂಗು ಹಾಕಿದರು. ಎಲ್ಲರೂ ಫೋಟೋ ತೆಗೆದೆವು.

ಕೌದಿ ಅಕ್ಕ, ಸಿಂಧನೂರು

ಫೋಟೋ ಹಾಕವ್ವ. ಜೇಬಿನ ಹೊಲಿಗೆ ನೋಡಬೇಕು.

ಡ್ರಾಯಿಂಗ್ ಮೇಷ್ಟ್ರು, ಗಂಗಾವತಿ

ಎಷ್ಟು ಎತ್ತರಕ್ಕೆ ಹಾಕಿದಿರಿ? 1972ರಲ್ಲಿ ಕಾರ್ನೆಲ್ ನ್ಯೂಯಾರ್ಕಿನಲ್ಲಿ ಮಕ್ಕಳಿಗೆಂದೇ ಒಂದು ಪ್ರದರ್ಶನ ಮಾಡಿದ್ದ. ಪೆಟ್ಟಿಗೆಗಳನ್ನೆಲ್ಲ ಮಕ್ಕಳ ಕಣ್ಣಿನ ಎತ್ತರಕ್ಕೆ ಇಳಿಸಿ ಇಟ್ಟಿದ್ದರು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಸ್ವಲ್ಪ ಕೆಳಗೆ ಹಾಕಿ.

ಮಾನ್ವಿ ರಸ್ತೆ, ರಾಯಚೂರು

ಕೆಳಗೇ ಹಾಕಿದ್ದೇನೆ ಸರ್, ಅದೇ ತಪ್ಪಾಯಿತು. ಅಣ್ಣನ ಮಗನಿಗೆ ಐದು ವರ್ಷ. ಫೋಟೋ ತೆಗೆಯೋಣ ಅಂತ ಈಗ ಹೋಗಿ ನೋಡಿದರೆ ಕೊಕ್ಕೆ ಖಾಲಿ. ಹಿತ್ತಲಿನಿಂದ ಸೀಟಿ ಕೇಳಿಸುತ್ತಿದೆ. "ಸಿಂಧನೂರು, ಸಿಂಧನೂರು" ಅಂತ ಕೂಗುತ್ತಿರುವುದು ಮಾತ್ರ ಅಪ್ಪ.

ನೇರ ಮಾತು, ಸಿರುಗುಪ್ಪ

ಸಿರುಗುಪ್ಪಕ್ಕೆ ಎಷ್ಟು ಗಂಟೆಗೆ ಬರುತ್ತದೆ ಕೇಳಿ ಮೇಡಂ.